ವ್ಯಾಯಾಮವೂ ಮನಸ್ಸಿನ ಸ್ವಾಸ್ಥ್ಯವೂ

ಸಂಜೆ ನಾಲ್ಕೂವರೆ ಗಂಟೆಗೆ ನಮ್ಮ ಕಾಲೇಜಿನ ಆಟದ ಬಯಲಿನ ಕಡೆಗೆ ಕಣ್ಣು ಹಾಯಿಸಿದವರಿಗೆ ಒಂದು ನೋಟ ತಪ್ಪದೆ ಕಾಣುತ್ತದೆ. ಬಯಲಿನ ನಡುವೆ ಕಬಡ್ಡಿ, ವಾಲಿಬಾಲ್ ತಂಡಗಳ ಇಪ್ಪತ್ತು ಮೂವತ್ತು ಮಂದಿ ಬೆವರು ಸುರಿಸುತ್ತಿರುತ್ತಾರೆ. ಸುತ್ತಲಿನ ಕಟ್ಟೆಯ ಮೇಲೆ ಅದರ ಹತ್ತರಷ್ಟು ಮಂದಿ ತಲೆ ಬಗ್ಗಿಸಿ ಮೊಬೈಲಿನಲ್ಲಿ ಮುಳುಗಿರುತ್ತಾರೆ. ಆಡುವವರು ಕೆಲವರು, ನೋಡುವವರು ಹಲವರು ಎಂಬುದು ಹಿಂದಿನ ಮಾತು. ಈಗ ನೋಡುವವರೂ ಇಲ್ಲವಾಗಿದ್ದಾರೆ. ಒಂದೂವರೆ ವರ್ಷದ ಹಿಂದೆ ಆ ಕಟ್ಟೆಯ ಮೇಲೆ ಕುಳಿತಿದ್ದವರಲ್ಲಿ ನಾನೂ ಒಬ್ಬನು. ಆದುದರಿಂದ ಈ ಲೇಖನವನ್ನು ಯಾರೂ ಉಪದೇಶವೆಂದು ಭಾವಿಸಬಾರದೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ವ್ಯಾಯಾಮ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಜಟ್ಟಿಯ ತೋಳು, ಓಟಗಾರನ ಕಾಲು. ಅದು ದೇಹಕ್ಕೆ ಸಂಬಂಧಪಟ್ಟ ವಿಷಯ, ಕ್ರೀಡಾಪಟುಗಳಿಗೆ ಬಿಟ್ಟ ವಿಷಯ, ಸಾಹಿತ್ಯ ಚರಿತ್ರೆಗಳನ್ನು ಓದುವ ನಮಗೆ ಅದರಿಂದ ಆಗಬೇಕಾದುದೇನು ಎಂಬ ಭಾವನೆ ನಮ್ಮಲ್ಲಿ ಬಹು ಮಂದಿಗೆ ಇದೆ. ವ್ಯಾಯಾಮಕ್ಕೂ ಮನಸ್ಸಿನ ನೆಮ್ಮದಿಗೂ ಇರುವ ನಂಟನ್ನು, ಆ ನಂಟು ಗೊತ್ತಿದ್ದೂ ನಾವು ಏಕೆ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂಬುದನ್ನು, ಏಳುವುದಕ್ಕೆ ಉಪಾಯವೇನು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳಬಯಸುತ್ತೇನೆ. ನಾನು ವೈದ್ಯನಲ್ಲ. ನನ್ನ ಐಚ್ಛಿಕ ವಿಷಯಗಳಲ್ಲಿ ಮನಃಶಾಸ್ತ್ರವೂ ಒಂದು. ಓದಿದ್ದು, ಅಧ್ಯಾಪಕರನ್ನು ಕೇಳಿ ತಿಳಿದದ್ದು, ಸ್ವಂತ ಅನುಭವ, ಈ ಮೂರೇ ನನ್ನ ಬಂಡವಾಳ.

ಮೊದಲು ಅನುಭವವನ್ನೇ ಹೇಳಿಬಿಡುತ್ತೇನೆ. ನಾನು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಊರಿನಲ್ಲಿದ್ದಾಗ ವ್ಯಾಯಾಮದ ಹೆಸರನ್ನೇ ಎತ್ತಿದವನಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ತೋಟಕ್ಕೆ ನೀರು ಹಾಯಿಸುವುದು, ತೆಂಗಿನಕಾಯಿ ಹೊರುವುದು, ಹೈಸ್ಕೂಲಿಗೆ ಸೈಕಲ್ಲು ತುಳಿಯುವುದು, ಸಂಜೆ ಹುಡುಗರೊಡನೆ ಲಗೋರಿ ಆಡುವುದು, ಇವೆಲ್ಲ ಹೇಳದೆ ಕೇಳದೆ ನಡೆದುಹೋಗುತ್ತಿದ್ದವು. ಚಿತ್ರದುರ್ಗಕ್ಕೆ ಬಂದು ವಿದ್ಯಾರ್ಥಿನಿಲಯವನ್ನು ಸೇರಿದ ಮೇಲೆ ಇವೆಲ್ಲವೂ ಒಂದೇ ದಿನದಲ್ಲಿ ನಿಂತುಹೋದವು. ನಿಂತುಹೋದುದು ನನಗೆ ತಿಳಿಯಲೂ ಇಲ್ಲ.

ಮೊದಲನೆಯ ಸೆಮಿಸ್ಟರಿನ ಫಲಿತಾಂಶ ಬಂದಾಗ ಎರಡು ಪತ್ರಿಕೆಗಳಲ್ಲಿ ನಾನು ನಪಾಸಾಗಿದ್ದೆನು. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ, “ಹೋಗ್ಲಿ ಬಿಡು ಮಗಾ, ಮುಂದಿನ ಸಲ ನೋಡ್ಕೊಂಡ್ರಾಯ್ತು” ಎಂದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅಂದಿನಿಂದ ರಾತ್ರಿ ಎರಡು ಗಂಟೆಯಾದರೂ ನಿದ್ರೆ ಹತ್ತಿರ ಸುಳಿಯುತ್ತಿರಲಿಲ್ಲ. ನಿದ್ರೆ ಬಾರದೆಂದು ಮೊಬೈಲು, ಮೊಬೈಲು ನೋಡಿದ್ದರಿಂದ ಮತ್ತೂ ನಿದ್ರೆಯಿಲ್ಲ. ಬೆಳಿಗ್ಗೆ ಹತ್ತಕ್ಕೆ ಏಳುವುದು, ತರಗತಿಗೆ ತಪ್ಪಿಸಿಕೊಳ್ಳುವುದು, ಊಟದ ಗಂಟೆ ಹೊಡೆದರೂ ಹೊದಿಕೆಯೊಳಗೇ ಇರುವುದು, ಹೀಗೆ ಎರಡು ತಿಂಗಳು ಕಳೆಯಿತು. “ಓದು ನನ್ನಿಂದಾಗದು, ಊರಿಗೆ ಬಂದುಬಿಡುತ್ತೇನೆ” ಎಂದು ಅಪ್ಪನಿಗೆ ಒಂದು ಸಂದೇಶವನ್ನು ಬರೆದೆನು. ಕಳಿಸಲು ಧೈರ್ಯವಾಗದೆ ಅದು ಎಷ್ಟೋ ದಿನ ಮೊಬೈಲಿನಲ್ಲೇ ಉಳಿದಿತ್ತು.

ನನ್ನ ಕೋಣೆಯ ಸಂಗಾತಿ ಮೊಳಕಾಲ್ಮೂರಿನ ಕಡೆಯವನು, ನೇಕಾರರ ಮನೆಯ ಹುಡುಗ. ಬೆಳಿಗ್ಗೆ ಐದೂವರೆಗೆ ಎದ್ದು ತಿರುಗಾಡಿ ಬರುವುದು ಅವನ ರೂಢಿ. ಅವನು ನನಗೆ ಬುದ್ಧಿ ಹೇಳಲಿಲ್ಲ. ಹೇಳಿದ್ದರೆ ನಾನು ಗೋಡೆಯ ಕಡೆಗೆ ಹೊರಳಿ ಮಲಗುತ್ತಿದ್ದೆನು. ಒಂದು ದಿನ ಮುಂಜಾನೆ ಹೊದಿಕೆ ಎಳೆದು, “ಲೋ, ಏಳೋ. ಗೇಟಿನ ತನಕ ಬಂದು ವಾಪಸ್ ಹೋಗು. ಒಬ್ಬನೇ ಹೋಗೋಕೆ ಬೇಜಾರು” ಎಂದನು. ಗೇಟಿಗೆ ನೂರು ಹೆಜ್ಜೆ. ಹೋಗಿ ಬಂದು ಮತ್ತೆ ಮಲಗಿದೆನು. ಮರುದಿನವೂ ಹಾಗೆಯೇ. ನಾಲ್ಕನೆಯ ದಿನ ಗೇಟು ದಾಟಿ ಚಹದ ಅಂಗಡಿಯವರೆಗೆ ಹೋದೆವು. ಎರಡು ವಾರಗಳಲ್ಲಿ ಚಂದ್ರವಳ್ಳಿಯ ದಾರಿ ಹಿಡಿದೆವು. ಮೂರು ವಾರ ಕಳೆಯುವುದರೊಳಗೆ ಮೊದಲು ಹಿಂದಿರುಗಿದ್ದು ನಿದ್ರೆ, ಆಮೇಲೆ ಹಸಿವು. ಓದಿನಲ್ಲಿ ಮನಸ್ಸು ನಿಲ್ಲುವುದಕ್ಕೆ ಇನ್ನೂ ಕೆಲವು ವಾರಗಳು ಹಿಡಿದವು. ಅಪ್ಪನಿಗೆ ಬರೆದಿಟ್ಟಿದ್ದ ಸಂದೇಶವನ್ನು ಒಂದು ದಿನ ಅಳಿಸಿಹಾಕಿದೆನು.

ಇದು ನನ್ನೊಬ್ಬನ ಅದೃಷ್ಟವೋ, ಅಥವಾ ಇದಕ್ಕೆ ಶಾಸ್ತ್ರದ ಆಧಾರವುಂಟೋ ಎಂಬ ಪ್ರಶ್ನೆ ಆಗ ನನ್ನನ್ನು ಕಾಡಿತು.

ನಮ್ಮ ಹಿರಿಯರು ದೇಹಶ್ರಮವನ್ನೂ ಮನಸ್ಸಿನ ಉಲ್ಲಾಸವನ್ನೂ ಬೇರೆ ಬೇರೆಯಾಗಿ ಕಂಡವರಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಗ್ರಂಥಕ್ಕೆ ‘ಮಾನಸೋಲ್ಲಾಸ’ವೆಂದು ಹೆಸರು. ಮನಸ್ಸಿನ ಉಲ್ಲಾಸವೆಂದೇ ಹೆಸರಿರುವ ಆ ಗ್ರಂಥದಲ್ಲಿ ಸಂಗೀತ, ನೃತ್ಯಗಳಂತೆಯೇ ಮಲ್ಲವಿನೋದಕ್ಕೂ, ಎಂದರೆ ಕುಸ್ತಿಗೂ, ಒಂದು ಅಧ್ಯಾಯ ಮೀಸಲಾಗಿದೆ. ಸಾಹಿತ್ಯಕ್ಕೂ ಸಾಮಿಗೂ ದೂರವೆನ್ನುವವರು ಕೆ. ವಿ. ಅಯ್ಯರ್ ಅವರನ್ನು ನೆನೆಯಬೇಕು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ಅಂಗಸಾಧನೆಯಲ್ಲಿ ದೇಶವಿದೇಶಗಳಲ್ಲಿ ಹೆಸರು ಮಾಡಿದ ಆ ಮಹನೀಯರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದು, ತಿರುಮಲೈ ಕೃಷ್ಣಮಾಚಾರ್ಯರು ಹುಡುಗರಿಗೆ ಆಸನಗಳನ್ನು ಕಲಿಸಿದರು. ಈ ಹೊತ್ತು ಲೋಕದ ಮೂಲೆ ಮೂಲೆಗಳಲ್ಲಿ ಜನರು ಮನಶ್ಶಾಂತಿಗೆಂದು ಕಲಿಯುತ್ತಿರುವ ಯೋಗಾಸನಗಳ ಒಂದು ದೊಡ್ಡ ಕವಲು ಹೊರಟದ್ದು ಆ ಶಾಲೆಯಿಂದಲೇ.

ಹಿರಿಯರು ಅನುಭವದಿಂದ ಕಂಡದ್ದನ್ನು ಈಗಿನವರು ಅಳೆದು ನೋಡಿದ್ದಾರೆ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಸಂಗಡಿಗರು ಒಂದು ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಖಿನ್ನತೆಯ ರೋಗವಿದ್ದ 156 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಔಷಧ, ಒಂದಕ್ಕೆ ವಾರಕ್ಕೆ ಮೂರು ಸಲ ನಡಿಗೆ ಅಥವಾ ಓಟ, ಮತ್ತೊಂದಕ್ಕೆ ಎರಡನ್ನೂ ಕೊಟ್ಟರು. ಔಷಧ ತೆಗೆದುಕೊಂಡವರಲ್ಲಿ ಗುಣ ಬೇಗ ಕಾಣಿಸಿತು. ಆದರೆ 16 ವಾರಗಳು ಮುಗಿಯುವ ಹೊತ್ತಿಗೆ ಮೂರು ಗುಂಪುಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಅವರೆಲ್ಲರೂ ಐವತ್ತು ದಾಟಿದವರು ಎಂಬುದನ್ನು ಮರೆಯಬಾರದು. ಮುಂದೆ 2024ರಲ್ಲಿ, ಇಂತಹ 218 ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ ಹದಿನಾಲ್ಕು ಸಾವಿರಕ್ಕೂ ಮಿಕ್ಕ ಜನರನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಲೇಖನವೊಂದು ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತು. ನಡಿಗೆ ಅಥವಾ ಓಟ, ಯೋಗ, ಭಾರ ಎತ್ತುವ ಸಾಧನೆ, ಇವು ಖಿನ್ನತೆಯನ್ನು ಸಾಕಷ್ಟು ತಗ್ಗಿಸುತ್ತವೆಂದು ಅದರ ನಿರ್ಣಯ. ಪ್ರಯೋಗಗಳಲ್ಲಿ ಹಲವು ಗಟ್ಟಿಯಾದವಲ್ಲವೆಂಬುದನ್ನೂ ಬರೆದವರೇ ಒಪ್ಪಿಕೊಂಡಿದ್ದಾರೆ.

ಇಲ್ಲಿ ತರ್ಕಶಾಸ್ತ್ರ ಓದುವ ಮಿತ್ರರು ಒಂದು ಆಕ್ಷೇಪವನ್ನು ಎತ್ತಬಹುದು. ವ್ಯಾಯಾಮದಿಂದ ಮನಸ್ಸು ಚೆನ್ನಾಯಿತೋ, ಅಥವಾ ಮನಸ್ಸು ಚೆನ್ನಾಗಿರುವವರೇ ವ್ಯಾಯಾಮಕ್ಕೆ ಹೋಗುತ್ತಾರೋ? ಈ ಸಂದೇಹ ನ್ಯಾಯವಾದುದೇ. ಆದುದರಿಂದಲೇ ವಿದ್ವಾಂಸರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಇಂತಹ 15 ಅಧ್ಯಯನಗಳ ಒಂದು ಲಕ್ಷ ತೊಂಬತ್ತು ಸಾವಿರ ಜನರ ವಿವರಗಳನ್ನು ಕೂಡಿಸಿ 2022ರಲ್ಲಿ ಲೆಕ್ಕ ಹಾಕಿದರು. ವಾರಕ್ಕೆ ಎರಡೂವರೆ ಗಂಟೆಯಷ್ಟು ಚುರುಕಾಗಿ ನಡೆಯುವವರಿಗೆ, ಏನೂ ಮಾಡದವರಿಗಿಂತ, ಖಿನ್ನತೆ ಬರುವ ಸಂಭವ ನೂರಕ್ಕೆ 25ರಷ್ಟು ಕಡಿಮೆ. ಅದರ ಅರ್ಧ ಮಾಡಿದವರಿಗೂ ನೂರಕ್ಕೆ 18ರಷ್ಟು ಕಡಿಮೆ. ಅರ್ಧ ಕೆಲಸಕ್ಕೆ ಮುಕ್ಕಾಲುಪಾಲಿಗೆ ಸಮೀಪದ ಕೂಲಿ! ಪರೀಕ್ಷೆಯಲ್ಲಿಯೂ ಇಂತಹ ಲೆಕ್ಕ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಈ ಅಂಕೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇಷ್ಟೆ: ಏನೂ ಇಲ್ಲದ ಸ್ಥಿತಿಯಿಂದ ಸ್ವಲ್ಪಕ್ಕೆ ಏರುವುದರಲ್ಲಿಯೇ ಹೆಚ್ಚಿನ ಲಾಭವಿದೆ. ಗೇಟಿನವರೆಗಿನ ನೂರು ಹೆಜ್ಜೆಯನ್ನು ಯಾರೂ ಹಗುರವಾಗಿ ಕಾಣಬೇಕಾಗಿಲ್ಲ.

ಇನ್ನು ಇದು ಹೇಗಾಗುತ್ತದೆ ಎಂಬ ವಿಷಯ. ಓಡಿದಾಗ ಮಿದುಳಿನಲ್ಲಿ ಎಂಡಾರ್ಫಿನ್ ಎಂಬ ದ್ರವ್ಯ ಉಕ್ಕಿ ಹರಿದು ಸಂತೋಷವಾಗುತ್ತದೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ವಿಷಯ ಅಷ್ಟು ಸರಳವಲ್ಲ. ಒಂದು ದ್ರವ್ಯದ ಮೇಲೆ ಎಲ್ಲ ಭಾರವನ್ನೂ ಹಾಕುವಂತಿಲ್ಲ. ಹಲವು ಕಾರಣಗಳು ಕೂಡಿ ಕೆಲಸ ಮಾಡುತ್ತವೆ.

ಮೊದಲನೆಯದು ನಿದ್ರೆ. ಹಗಲು ದಣಿದ ದೇಹಕ್ಕೆ ರಾತ್ರಿ ನಿದ್ರೆ ಹತ್ತುತ್ತದೆ. ಬೆಳಗಿನ ಬೆಳಕಿನಲ್ಲಿ ತಿರುಗಾಡಿದರೆ ನಿದ್ರೆ ಎಚ್ಚರಗಳ ಒಳಗಡಿಯಾರವೂ ಸರಿಹೋಗುತ್ತದೆ. ನಿದ್ರೆಗೆಟ್ಟವನಿಗೆ ಸಣ್ಣ ಮಾತೂ ಬೆಟ್ಟವಾಗುವುದು ನಮಗೆಲ್ಲರಿಗೂ ಗೊತ್ತಿರುವುದೇ.

ಎರಡನೆಯದು ಮೆಲುಕು. ಹಸು ಮೇವನ್ನು ಮೆಲುಕು ಹಾಕುವಂತೆ, ನೊಂದ ಮನಸ್ಸು ಆದ ಅವಮಾನವನ್ನು, ಆಗಬಹುದಾದ ಸೋಲನ್ನು ಮತ್ತೆ ಮತ್ತೆ ಅಗಿಯುತ್ತದೆ. ಹಸುವಿಗೆ ಅದರಿಂದ ಹಾಲಾದರೂ ಆಗುತ್ತದೆ, ನಮಗೆ ಏನೂ ಆಗುವುದಿಲ್ಲ. ಏರುದಾರಿಯಲ್ಲಿ ಏದುಸಿರು ಬಿಡುವವನಿಗೆ ಅಥವಾ ಚೆಂಡಿನ ಮೇಲೆ ಕಣ್ಣಿಟ್ಟವನಿಗೆ ಆ ಮೆಲುಕು ಸ್ವಲ್ಪ ಹೊತ್ತಾದರೂ ನಿಲ್ಲುತ್ತದೆ.

ಮೂರನೆಯದು ಹೆದರಿಕೆಗೆ ಸಂಬಂಧಿಸಿದ್ದು. ಪರೀಕ್ಷೆಯ ಕೋಣೆಯಲ್ಲಿ ಎದೆ ಡವಗುಟ್ಟಿ, ಕೈ ಬೆವತು, ಉಸಿರು ಸಿಕ್ಕಿಕೊಂಡಂತಾದಾಗ ಏನೋ ಅನಾಹುತವಾಗುತ್ತಿದೆಯೆಂದು ನಾವು ಗಾಬರಿಯಾಗುತ್ತೇವೆ. ಓಡುವಾಗಲೂ ಎದೆ ಡವಗುಟ್ಟುತ್ತದೆ, ಮೈ ಬೆವರುತ್ತದೆ, ಆದರೆ ಅಪಾಯವಾಗುವುದಿಲ್ಲ. ದಿನವೂ ಓಡುವವನ ಮನಸ್ಸು, ಎದೆ ಬಡಿದುಕೊಂಡ ಮಾತ್ರಕ್ಕೆ ಹೆದರಬೇಕಾಗಿಲ್ಲ ಎಂಬ ಪಾಠವನ್ನು ತಾನಾಗಿಯೇ ಕಲಿಯುತ್ತದೆ.

ನಾಲ್ಕನೆಯದು ತನ್ನಲ್ಲಿ ತನಗೆ ನಂಬಿಕೆ. “ನಾನು ಈ ಕೆಲಸವನ್ನು ಮಾಡಬಲ್ಲೆ” ಎಂಬ ಭಾವವನ್ನು ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ವಿವರಿಸಿದನು. ಈ ನಂಬಿಕೆ ಹೊಗಳಿಕೆಯಿಂದಾಗಲಿ ಭಾಷಣದಿಂದಾಗಲಿ ಬರುವುದಕ್ಕಿಂತ ಹೆಚ್ಚಾಗಿ, ಮಾಡಿ ಮುಗಿಸಿದ ಚಿಕ್ಕ ಕೆಲಸದಿಂದ ಬರುತ್ತದೆಂದು ಅವನ ಅಭಿಪ್ರಾಯ. ಎರಡು ಪತ್ರಿಕೆಗಳಲ್ಲಿ ಸೋತಿದ್ದ ನನಗೆ, ದಿನದಲ್ಲಿ ಮಾಡಿದೆನೆಂದು ಹೇಳಿಕೊಳ್ಳಲು ಇದ್ದ ಒಂದೇ ಕೆಲಸವೆಂದರೆ ಆ ನಡಿಗೆ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ “ಇದೆಲ್ಲ ನಮಗೆ ಗೊತ್ತು” ಎಂದು ಎಲ್ಲರೂ ಹೇಳುತ್ತಾರೆ. ವಿಷಯದ ತಿರುಳು ಇಲ್ಲಿಯೇ ಇದೆ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ದೇಹವನ್ನು ದುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ಮಾಡಿತು. ಲೋಕದಲ್ಲಿ 11ರಿಂದ 17 ವರ್ಷದ ವಿದ್ಯಾರ್ಥಿಗಳಲ್ಲಿ ನೂರಕ್ಕೆ 81 ಮಂದಿ ಅಷ್ಟು ಮಾಡುತ್ತಿರಲಿಲ್ಲವೆಂದು 2016ರವರೆಗಿನ ಲೆಕ್ಕಗಳಿಂದ ತಿಳಿದುಬಂದಿತ್ತು. ಆ 81 ಮಂದಿಗೂ ವ್ಯಾಯಾಮ ಒಳ್ಳೆಯದೆಂಬುದು ತಿಳಿಯದೆ ಇರಲಿಲ್ಲ. ಧರ್ಮವನ್ನು ಬಲ್ಲವನಾಗಿದ್ದೂ ಅದರಂತೆ ನಡೆಯಲಾರದೆ ಹೋದ ದುರ್ಯೋಧನನ ಪಾಡು ನಮ್ಮದು. ಕೊರತೆ ಇರುವುದು ತಿಳಿವಳಿಕೆಯಲ್ಲಿ ಅಲ್ಲ, ತಿಳಿವಳಿಕೆಗೂ ಕಾಲಿಗೂ ನಡುವಣ ದಾರಿಯಲ್ಲಿ.

ಮನಸ್ಸು ಕುಗ್ಗಿದವನಿಗೆ ಆ ದಾರಿ ಮತ್ತೂ ದೂರ. ಮನಸ್ಸು ಕುಗ್ಗಿದಾಗ ಏನನ್ನೂ ಮಾಡಲು ಬೇಡವೆನಿಸುತ್ತದೆ. ಮಾಡದೆ ಇದ್ದುದರಿಂದ ಸಂತೋಷದ ಸಂದರ್ಭಗಳು ಕಡಿಮೆಯಾಗುತ್ತವೆ. ಅದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಕೆಸರಿನಲ್ಲಿ ಹೂತ ಗಾಡಿಯ ಚಕ್ರ ತಿರುಗಿದಷ್ಟೂ ಇಳಿಯುವಂತೆ ಇದು. “ಮನಸ್ಸು ಸರಿಯಾಗಲಿ, ಆಮೇಲೆ ಏಳುತ್ತೇನೆ” ಎಂದು ನಾನೂ ಎರಡು ತಿಂಗಳು ಕಾದಿದ್ದೆನು. ಅಮೆರಿಕದ ವಿಲಿಯಂ ಜೇಮ್ಸ್ ಎಂಬ ಪಂಡಿತನು 1884ರಲ್ಲಿಯೇ ಈ ಕ್ರಮವನ್ನು ತಿರುಗಿಸಿ ಹೇಳಿದ್ದನು. ಕರಡಿಯನ್ನು ಕಂಡು ಹೆದರಿ ಓಡುತ್ತೇವೆಂಬುದು ಲೋಕದ ಮಾತು. ಓಡುವುದರಿಂದ ಹೆದರಿಕೆ ಉಂಟಾಗುತ್ತದೆಂಬುದು ಅವನ ವಾದ. ದೇಹದ ಚಲನೆ ಮೊದಲು, ಭಾವ ಆಮೇಲೆ. ನಮ್ಮ ಜೋಗಿಮಟ್ಟಿಯ ಕರಡಿ ಎದುರಿಗೆ ಬಂದಾಗ ಈ ವಾದವನ್ನು ಪರೀಕ್ಷಿಸುವ ಆಸೆ ನನಗಿಲ್ಲ. ವಾದವನ್ನು ಪೂರ್ತಿಯಾಗಿ ಒಪ್ಪದ ವಿದ್ವಾಂಸರೂ ಉಂಟು. ಆದರೆ ಕುಗ್ಗಿದ ಮನಸ್ಸಿನ ಮಟ್ಟಿಗೆ ಅದರಲ್ಲಿ ದೊಡ್ಡ ಸತ್ಯವಿದೆ. ಖಿನ್ನತೆಗೆ ಚಿಕಿತ್ಸೆ ಮಾಡುವವರು, ಉತ್ಸಾಹ ಬರಲೆಂದು ಕಾಯದೆ, ಮಾಡಬೇಕಾದ ಚಿಕ್ಕ ಕೆಲಸಗಳನ್ನು ದಿನಚರಿಯಲ್ಲಿ ಬರೆದಿಟ್ಟು ಮಾಡಿಸುವ ಪದ್ಧತಿಯನ್ನು 1970ರ ದಶಕದಿಂದಲೂ ಬಳಸುತ್ತ ಬಂದಿದ್ದಾರೆ. ಮೊದಲು ಕಾಲು ಎದ್ದರೆ, ಮನಸ್ಸು ಹಿಂದಿನಿಂದ ಬರುತ್ತದೆ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇದೊಂದೇ ಮಾತು.

ಹಾಗಾದರೆ ಕಾಲನ್ನು ಎಬ್ಬಿಸುವುದು ಹೇಗೆ? ಇದಕ್ಕೆ ಕೆಲವು ಉಪಾಯಗಳು ಪರೀಕ್ಷೆಯಿಂದ ಸಿದ್ಧವಾಗಿವೆ.

ಸ್ಥಳವನ್ನೂ ವೇಳೆಯನ್ನೂ ಮೊದಲೇ ಗೊತ್ತುಮಾಡಬೇಕು. 2002ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಏನನ್ನೂ ಹೇಳಲಿಲ್ಲ. ಇನ್ನೊಂದಕ್ಕೆ ವ್ಯಾಯಾಮದ ಪ್ರಯೋಜನಗಳನ್ನು ಓದಿಸಿದರು. ಮೂರನೆಯ ಗುಂಪಿಗೆ ಅದನ್ನು ಓದಿಸಿದ್ದಲ್ಲದೆ, “ಇಂಥ ದಿನ, ಇಂಥ ವೇಳೆಗೆ, ಇಂಥ ಸ್ಥಳದಲ್ಲಿ ಮಾಡುತ್ತೇನೆ” ಎಂದು ಬರೆಯಿಸಿದರು. ಮೊದಲ ಎರಡು ಗುಂಪುಗಳಲ್ಲಿ ವ್ಯಾಯಾಮ ಮಾಡಿದವರು ನೂರಕ್ಕೆ 40ಕ್ಕಿಂತ ಕಡಿಮೆ. ಮೂರನೆಯದರಲ್ಲಿ ನೂರಕ್ಕೆ 91. “ನಾಳೆಯಿಂದ ವ್ಯಾಯಾಮ ಮಾಡುತ್ತೇನೆ” ಎಂಬುದು ಬರಿಯ ಆಸೆ. “ಬೆಳಿಗ್ಗೆ ಮುಖ ತೊಳೆದ ಕೂಡಲೆ ಚಪ್ಪಲಿ ಮೆಟ್ಟಿ ಗೇಟಿಗೆ ಹೋಗುತ್ತೇನೆ” ಎಂಬುದು ಸಂಕಲ್ಪ. ನಮ್ಮ ಪೂಜೆಗಳಲ್ಲಿ ಸಂಕಲ್ಪ ಮಾಡುವಾಗ ಕಾಲದೇಶಗಳನ್ನು ಹೇಳಿಯೇ ಮುಂದುವರಿಯುವುದು ನೆನಪಿಗೆ ಬರುತ್ತದೆ.

ಆರಂಭ ಚಿಕ್ಕದಾಗಿರಬೇಕು. ಅಗಸ ಹೊಸದರಲ್ಲಿ ಬಟ್ಟೆಯನ್ನು ಎತ್ತಿ ಎತ್ತಿ ಒಗೆದನಂತೆ. ಜನವರಿ ಒಂದನೆಯ ತಾರೀಖು ನಮ್ಮ ವಿದ್ಯಾರ್ಥಿನಿಲಯದಲ್ಲಿ ಹತ್ತು ಮಂದಿ ಐದು ಗಂಟೆಗೆ ಎದ್ದು ನೂರು ದಂಡೆ, ಇನ್ನೂರು ಬಸ್ಕಿ ಹೊಡೆದರು. ಮೂರನೆಯ ದಿನ ಮೆಟ್ಟಿಲು ಇಳಿಯಲಾರದೆ ಗೋಡೆ ಹಿಡಿದು ನಡೆದರು. ಸಂಕ್ರಾಂತಿಯ ಹೊತ್ತಿಗೆ ಒಬ್ಬನೂ ಉಳಿದಿರಲಿಲ್ಲ. ತೀರ ಬೇಸರವಾದ ದಿನವೂ ಮಾಡಬಹುದಾದಷ್ಟು ಚಿಕ್ಕದಾಗಿ ಹಿಡಿದರೆ ಮಾತ್ರ ಕೆಲಸ ಬಹುದಿನ ಬಾಳುತ್ತದೆ.

ಅಭ್ಯಾಸವಾಗುವುದಕ್ಕೆ ಕಾಲ ಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದು ಹೊಸ ಕೆಲಸ ತಾನಾಗಿಯೇ ನಡೆಯುವ ರೂಢಿಯಾಗಲು ನಡುಮಟ್ಟದಲ್ಲಿ 66 ದಿನಗಳು ಹಿಡಿದವು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಗುವಂತಿತ್ತು. ಇದರಿಂದ ಎರಡು ನೀತಿಗಳು ಹೊರಡುತ್ತವೆ. ಗೆಳೆಯನಿಗೆ ಮೂರೇ ವಾರಗಳಲ್ಲಿ ರೂಢಿಯಾಯಿತು, ತನಗೆ ಆಗಲಿಲ್ಲವೆಂದು ಯಾರೂ ಕುಗ್ಗಬೇಕಾಗಿಲ್ಲ. ಇನ್ನು, ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂತಹ ಕೇಡಾಗುವುದಿಲ್ಲವೆಂದು ಅದೇ ಅಧ್ಯಯನ ತೋರಿಸಿತು. ಒಂದು ದಿನ ತಪ್ಪಿತೆಂದು ವ್ರತಭಂಗವಾದವರಂತೆ ಕೈಬಿಡುವುದೇ ನಿಜವಾದ ಕೇಡು. ನಾನು ಜ್ವರ ಬಂದು ಆರು ದಿನ ಬಿಟ್ಟಿದ್ದೆನು. ಏಳನೆಯ ದಿನ ಮತ್ತೆ ಗೇಟಿನಿಂದಲೇ ಆರಂಭಿಸಿದೆನು.

ಸಂಗಾತಿಯೊಬ್ಬನಿದ್ದರೆ ಅರ್ಧ ಕೆಲಸ ಮುಗಿದಂತೆ. ಅಮೆರಿಕದ ಹನ್ನೆರಡು ಲಕ್ಷ ಜನರ ವಿವರಗಳನ್ನು ಪರಿಶೀಲಿಸಿ 2018ರಲ್ಲಿ ಹೊರಬಂದ ಲೇಖನವೊಂದರಲ್ಲಿ, ಮನಸ್ಸು ಕೆಟ್ಟಿರುವ ದಿನಗಳು ಅತ್ಯಂತ ಕಡಿಮೆಯಾಗಿ ಕಂಡದ್ದು ತಂಡವಾಗಿ ಆಡುವ ಆಟಗಾರರಲ್ಲಿ. ಹಳೆಯ ಗರಡಿಮನೆಗಳ ಗುಟ್ಟೂ ಇದೇ ಇರಬೇಕು. ಉಸ್ತಾದರು ಕಾಯುತ್ತಿರುತ್ತಾರೆ, ಜೊತೆಯ ಹುಡುಗರು ಕೇಳುತ್ತಾರೆ ಎಂಬ ಒಂದು ಹಂಗಿನಿಂದಲೇ ಎಷ್ಟೋ ಮಂದಿ ಚಳಿಯಲ್ಲೂ ಎದ್ದು ಹೋಗುತ್ತಿದ್ದರು. ನಾನು ಎದ್ದದ್ದು ವ್ಯಾಯಾಮದ ಮೇಲಿನ ಪ್ರೀತಿಯಿಂದಲ್ಲ, “ಒಬ್ಬನೇ ಹೋಗೋಕೆ ಬೇಜಾರು” ಎಂದ ಗೆಳೆಯನ ದಾಕ್ಷಿಣ್ಯಕ್ಕೆ.

ಕೊನೆಯದಾಗಿ, ಕನ್ನಡಿಯನ್ನು ಗುರುವಾಗಿ ಮಾಡಿಕೊಳ್ಳಬಾರದು. ಮೊಬೈಲಿನಲ್ಲಿ ಕಾಣುವ ಮೈಕಟ್ಟು ತನಗೂ ತಿಂಗಳಲ್ಲಿ ಬರಬೇಕೆಂದು ಹೊರಡುವವನಿಗೆ ಬರುವುದು ನಿರಾಶೆಯೇ. ಹೆಚ್ಚು ಮಾಡಿದಷ್ಟೂ ಒಳ್ಳೆಯದೆಂಬುದೂ ತಪ್ಪು. ಮೇಲೆ ಹೇಳಿದ ಅಮೆರಿಕದ ಲೆಕ್ಕದಲ್ಲಿ ವಾರಕ್ಕೆ ಮೂರರಿಂದ ಐದು ಸಲ, ಸುಮಾರು ಮುಕ್ಕಾಲು ಗಂಟೆ ಮಾಡುವವರ ಮನಸ್ಸು ಎಲ್ಲರಿಗಿಂತ ಹಗುರವಾಗಿತ್ತು. ದಿನಕ್ಕೆ ಮೂರು ಗಂಟೆ ಮಾಡುವವರದ್ದಲ್ಲ.

ಈ ಉಪಾಯಗಳನ್ನೆಲ್ಲ ನಾನು ಒಮ್ಮೆ ತರಗತಿಯಲ್ಲಿ ಹೆಮ್ಮೆಯಿಂದ ವಿವರಿಸಿದಾಗ ನಮ್ಮ ಸಹಪಾಠಿನಿಯೊಬ್ಬರು, “ನಿಮಗೇನು, ಕತ್ತಲಿರುವಾಗಲೇ ರಸ್ತೆಗೆ ಇಳೀತೀರಿ. ನಾವು ಇಳಿದರೆ ಮನೆಗೆ ಫೋನು ಹೋಗುತ್ತೆ” ಎಂದರು. ನನಗೆ ಉತ್ತರ ತೋಚಲಿಲ್ಲ. ಮೇಲೆ ಹೇಳಿದ ಲೋಕದ ಲೆಕ್ಕದಲ್ಲಿಯೂ ಸಾಕಷ್ಟು ವ್ಯಾಯಾಮವಿಲ್ಲದ ಹುಡುಗರು ನೂರಕ್ಕೆ 78 ಆದರೆ ಹುಡುಗಿಯರು 85. ಇದನ್ನು ಮನಸ್ಸಿನ ಆಲಸ್ಯವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಕಾಲು ಎದ್ದರೂ ಇಡಲು ನೆಲ ಬೇಕು. ಆ ಸಹಪಾಠಿನಿಯರು ತಾವೇ ಒಂದು ದಾರಿ ಕಂಡುಕೊಂಡರು. ಸಂಜೆ ತಮ್ಮ ನಿಲಯದ ತಾರಸಿಯ ಮೇಲೆ ಎಂಟು ಮಂದಿ ಸೇರಿ ಹಗ್ಗದಾಟ ಆರಂಭಿಸಿದರು. ಈಗ ಇಪ್ಪತ್ತು ಮಂದಿಯಾಗಿದ್ದಾರೆ. ನಮ್ಮಂತಹ ಕಾಲೇಜುಗಳಲ್ಲಿ ವಾರಕ್ಕೆ ಮೂರು ಸಂಜೆಯಾದರೂ ಒಂದು ಗಂಟೆ ಆಟದ ಬಯಲನ್ನು ವಿದ್ಯಾರ್ಥಿನಿಯರಿಗೆ, ಇನ್ನೊಂದು ಗಂಟೆ ಯಾವ ತಂಡಕ್ಕೂ ಸೇರದ ನನ್ನಂತಹವರಿಗೆ ಮೀಸಲಿಟ್ಟರೆ ಬಹಳ ಉಪಕಾರವಾಗುತ್ತದೆ. ಇದಕ್ಕೆ ಹಣ ಬೇಕಾಗಿಲ್ಲ, ವೇಳಾಪಟ್ಟಿಯಲ್ಲಿ ಎರಡು ಸಾಲು ಸಾಕು. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರೂ ಅಧ್ಯಾಪಕರೂ ಈ ಸೂಚನೆಯನ್ನು ಪರಿಶೀಲಿಸಬೇಕೆಂದು ವಿನಯದಿಂದ ಕೇಳಿಕೊಳ್ಳುತ್ತೇನೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಡಿಗೆ ಎಲ್ಲ ನೋವಿಗೂ ಮದ್ದಲ್ಲ. ನಮ್ಮ ಜೊತೆಗೆ ನಡೆಯಲು ಬರುತ್ತಿದ್ದ ಇನ್ನೊಬ್ಬ ಗೆಳೆಯನು ನಾಲ್ಕು ವಾರ ತಪ್ಪದೆ ಬಂದನು. ಆದರೂ ಅವನ ಮುಖ ದಿನದಿನಕ್ಕೆ ಕಳೆಗುಂದುತ್ತಿತ್ತು. ಒಂದು ದಿನ ದಾರಿಯಲ್ಲಿ, ತಾನು ಇದ್ದು ಪ್ರಯೋಜನವಿಲ್ಲವೆನ್ನುವಂತಹ ಮಾತನ್ನು ಆಡಿದನು. ನಾನು “ಇನ್ನೂ ಸ್ವಲ್ಪ ದೂರ ನಡೆಯೋಣ, ಸರಿಹೋಗುತ್ತೆ” ಎಂದುಬಿಟ್ಟೆನು. ಆ ಮಾತಿಗೆ ಇಂದಿಗೂ ನಾಚುತ್ತೇನೆ. ಮೊಳಕಾಲ್ಮೂರಿನ ಗೆಳೆಯನು ನನಗಿಂತ ಬುದ್ಧಿವಂತ. ಅವನನ್ನು ಒಂಟಿಯಾಗಿ ಬಿಡದೆ, ಅಂದೇ ನಮ್ಮ ಅಧ್ಯಾಪಕರೊಬ್ಬರಿಗೆ ತಿಳಿಸಿ, ಅವರೊಡನೆ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದನು. ಔಷಧವೂ ಸಮಾಲೋಚನೆಯೂ ನಡೆದು ಕೆಲವು ತಿಂಗಳಲ್ಲಿ ಅವನು ಚೇತರಿಸಿಕೊಂಡನು. ಈ ಸಂಗತಿಯನ್ನು ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ.

ಕಾಲು ಮುರಿದವನಿಗೆ ನಡೆ ಎನ್ನುವವರಿಲ್ಲ. ಮನಸ್ಸಿನ ರೋಗಕ್ಕೂ ಅದೇ ನ್ಯಾಯ. ಎರಡು ವಾರಗಳಿಗೂ ಮಿಕ್ಕಿ ಬೇಸರ ಬಿಡದಿದ್ದರೆ, ಊಟ ನಿದ್ರೆ ಕೆಟ್ಟಿದ್ದರೆ, ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಯೋಚನೆ ಸುಳಿದರೆ ಎರಡು ದಿನವೂ ಕಾಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಎಂದರೆ ಹೈಸ್ಕೂಲಿನ ಪ್ರತಿಯೊಂದು ತರಗತಿಯಲ್ಲಿಯೂ ಇಬ್ಬರೋ ಮೂವರೋ ಇದ್ದಾರೆ. ಅವರು ಅಲ್ಲಿಂದಲೇ ನಮ್ಮ ಕಾಲೇಜುಗಳಿಗೆ ಬರುತ್ತಾರೆ. ನಾಚಿಕೆಪಡುವ ಕಾರಣವಿಲ್ಲ. ಜಿಲ್ಲಾ ಮಟ್ಟದಲ್ಲಿಯೇ ಮಾನಸಿಕ ಚಿಕಿತ್ಸೆ ದೊರೆಯಬೇಕೆಂದು 1996ರಲ್ಲಿ ಆರಂಭವಾದ ದೇಶದ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ಎಂಬುದು ನಾವು ಹೆಮ್ಮೆಪಡುವ ಸಂಗತಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ನಮಗೆ ಬೇಡವಾದರೆ ಪಕ್ಕದವರಿಗೆ ಬೇಕಾದೀತು.

ನಾನು ಈಗ ಹೇಗಿದ್ದೇನೆಂದು ಕೇಳುವವರಿಗೆ ಇಷ್ಟು ಹೇಳಬಲ್ಲೆ. ಉಳಿದಿದ್ದ ಎರಡು ಪತ್ರಿಕೆಗಳೂ ಮುಗಿದವು. ಮೊದಲ ದರ್ಜೆಯೇನೂ ಬರಲಿಲ್ಲ. ಬೇಸರದ ದಿನಗಳು ಈಗಲೂ ಬರುತ್ತವೆ. ಆದರೆ ಬೇಸರ ಬಂದ ದಿನ ಏನು ಮಾಡಬೇಕೆಂಬುದು ಗೊತ್ತಾಗಿದೆ. ಈ ವರ್ಷ ನಮ್ಮ ಸಾಲಿನ ಕೋಣೆಗಳಿಗೆ ಹೊಸದಾಗಿ ಬಂದಿರುವ ಹುಡುಗರಲ್ಲಿ ಒಬ್ಬನು ಎರಡು ವಾರಗಳಿಂದ ಊಟಕ್ಕೆ ಸರಿಯಾಗಿ ಬರುತ್ತಿರಲಿಲ್ಲ. ಮೊನ್ನೆ ಬೆಳಿಗ್ಗೆ ನಾನೇ ಅವನ ಬಾಗಿಲು ತಟ್ಟಿ, “ಗೇಟಿನ ತನಕ ಬಾರೋ” ಎಂದೆನು. ಬಂದನು.

ವಿದ್ಯಾರ್ಥಿಮಿತ್ರರೇ, ನಿಮ್ಮ ಸಾಲಿನಲ್ಲಿಯೂ ಬಾಗಿಲು ಮುಚ್ಚಿಕೊಂಡ ಒಂದು ಕೋಣೆ ಇದ್ದೀತು. ನಾಳೆ ಬೆಳಿಗ್ಗೆ ಅದನ್ನು ತಟ್ಟಿರಿ. ಅಷ್ಟಾದರೆ ಈ ಲೇಖನ ಬರೆದುದು ಸಾರ್ಥಕವಾಯಿತೆಂದು ಭಾವಿಸುತ್ತೇನೆ.